ಎಂಎಸ್ ಇರುವ ತಾಯಿಯೊಂದಿಗೆ ಸಹಾಯಾರ್ಥ ನಡಿಗೆಗೆ ಹೊರಡುವ ಮುನ್ನ

ಅಮ್ಮನ ಎಡಗಾಲಿನ ಚಪ್ಪಲಿಯ ತುದಿ ಮಾತ್ರ ಬೇಗ ಸವೆಯುತ್ತಿತ್ತು. ಪಾದದ ಮುಂಭಾಗ ಸರಿಯಾಗಿ ಮೇಲೇಳದೆ ನೆಲಕ್ಕೆ ಉಜ್ಜುತ್ತಿರುವುದೇ ಅದಕ್ಕೆ ಕಾರಣವೆಂದು ನಮಗೆ ತಿಳಿದದ್ದು, ನರರೋಗ ತಜ್ಞರು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಹೆಸರಿಟ್ಟ ಮೇಲೆಯೇ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿರುವ ಮಯಲಿನ್ ಎಂಬ ಹೊದಿಕೆಯ ಮೇಲೆಯೇ ಎರಗುತ್ತದೆ. ಕಾಲು ಎತ್ತೆಂಬ ಸೂಚನೆ ಕಾಲಿಗೆ ತಲುಪುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಅಂಥವರನ್ನು, ನಿಧಿ ಸಂಗ್ರಹಕ್ಕಾಗಿ ನಡೆಸುವ ಸಹಾಯಾರ್ಥ ನಡಿಗೆಗೆ ಕರೆದೊಯ್ಯಬಹುದೇ ಎಂದು ಕೇಳುವವರಿಗೆ, ಖಂಡಿತ ಕರೆದೊಯ್ಯಬಹುದು, ಆದರೆ ಸಿದ್ಧತೆ ಬೇಕು ಎನ್ನುತ್ತೇನೆ.

ಮೊದಲು ಅವರನ್ನೇ ಕೇಳಿ. ನಡೆಯಬೇಕೆಂಬ ಆಸೆ ನಿಮ್ಮದೋ ಅವರದೋ ಎಂಬುದು ಸ್ಪಷ್ಟವಾಗಬೇಕು. ಕಾಯಿಲೆಯ ವಿಷಯ ಊರಿಗೆ ತಿಳಿಯುವುದು ಅವರಿಗೆ ಒಪ್ಪಿಗೆಯೇ ಎಂಬುದೂ ಅಷ್ಟೇ ಮುಖ್ಯ. ಒಪ್ಪಿದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆ ಪಡೆದು, ನಡೆಯುವವರ ಹೆಸರಿನಲ್ಲೇ ನೋಂದಣಿ ಮಾಡಿಸಿ.

ಎರಡನೆಯದು ಬಿಸಿಲಿನ ವಿಚಾರ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ದೈಹಿಕ ಶ್ರಮ ಪಟ್ಟಾಗ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಊಟಾಫ್ 1890ರಲ್ಲಿ ದಾಖಲಿಸಿದರು; ಅದಕ್ಕೆ ಮೈ ಬಿಸಿಯಾಗುವುದೇ ಕಾರಣವೆಂದು ಮುಂದೆ ತಿಳಿಯಿತು. ದೇಹದ ಒಳಗಿನ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸಾಕು, ಹೊದಿಕೆ ಕಳೆದುಕೊಂಡ ನರ ಇನ್ನಷ್ಟು ಸೋಲುತ್ತದೆ. ತಂಪಾದಾಗ ಹಿಂದಿನ ಸ್ಥಿತಿಗೆ ಬರುವುದರಿಂದ ಇದು ಕಾಯಿಲೆಯ ಮರುಕಳಿಕೆಯಲ್ಲ. ಆದರೆ ಕಾರವಾರದ ತೇವಭರಿತ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಂಪಾಗುವುದೂ ಇಲ್ಲ. ವಿಶ್ವ ಎಂಎಸ್ ದಿನ ಬರುವುದು ಮೇ 30ಕ್ಕೆ, ಅಂದರೆ ಮಳೆಗಾಲಕ್ಕೆ ಮುಂಚಿನ ಸೆಕೆಯ ತುತ್ತತುದಿಯಲ್ಲಿ. ಆ ದಿನದ ನಡಿಗೆಯಾದರೆ ಬೆಳಗಿನ ಆರೂವರೆಗೇ ಹೊರಡಿಸುವಂತೆ ಸಂಘಟಕರನ್ನು ಕೇಳಿ, ಮುಜುಗರ ಪಡಬೇಡಿ. ಒಮ್ಮೆ ಅತಿಥಿಗಳ ಭಾಷಣ ಮುಗಿಯುವವರೆಗೆ ನಮ್ಮನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಅಮ್ಮ ಇಡಬೇಕಿದ್ದ ಹೆಜ್ಜೆಗಳೆಲ್ಲ ಅಲ್ಲಿಯೇ ಖರ್ಚಾಗಿ ಹೋದವು. ಅಂದಿನಿಂದ ನಾವು ಸಭೆಯನ್ನು ಬಿಟ್ಟು ನಡಿಗೆಗಷ್ಟೇ ಹೋಗುತ್ತೇವೆ. ದಿನಾಂಕ ಆರಿಸುವ ಅವಕಾಶವಿದ್ದರೆ ಡಿಸೆಂಬರ್, ಜನವರಿ ಉತ್ತಮ. ಘಟ್ಟದ ಮೇಲಿನ ಶಿರಸಿ ಕರಾವಳಿಗಿಂತ ತಂಪಾದರೂ ಅಲ್ಲಿನ ಏರುತಗ್ಗಿನ ರಸ್ತೆಗಳನ್ನು ಮೊದಲೇ ನೋಡಿಕೊಂಡು ಬರಬೇಕು.

ದಾರಿಯನ್ನು ಹಿಂದಿನ ವಾರವೇ ಪರೀಕ್ಷಿಸಿ. ಕಾರವಾರದ ಟ್ಯಾಗೋರ್ ಕಡಲತೀರದ ಮೆತ್ತನೆಯ ಮರಳು ನೋಡುವವರ ಕಣ್ಣಿಗೆ ಹಿತ, ಆದರೆ ಪಾದ ಎಳೆಯುವವರಿಗೆ ಅದು ಶತ್ರು. ಸಮತಟ್ಟಾದ ಗಟ್ಟಿ ದಾರಿಯನ್ನೇ ಆರಿಸಿ. ಶೌಚಾಲಯ ಎಲ್ಲಿದೆ, ಕುಳಿತುಕೊಳ್ಳಲು ಕಟ್ಟೆ ಎಲ್ಲಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಈ ಕಾಯಿಲೆಯಲ್ಲಿ ಮೂತ್ರದ ಅವಸರ ಸಾಮಾನ್ಯ, ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ನಿಲ್ಲಿಸುವವರು ಬಹಳ. ಶೌಚಾಲಯದ ಜಾಗ ಗೊತ್ತಿದ್ದರೆ ಆ ಭಯ ಅರ್ಧ ಕಡಿಮೆಯಾಗುತ್ತದೆ.

ಹೊರಡುವ ದಿನ ಜ್ವರವಾಗಲಿ, ಉರಿಮೂತ್ರವಾಗಲಿ ಇದ್ದರೆ ನಡಿಗೆಯನ್ನು ಬಿಟ್ಟುಬಿಡಿ. ಇಲ್ಲವಾದರೆ ಹಗುರವಾದ ಹತ್ತಿ ಬಟ್ಟೆ, ಹಿಮ್ಮಡಿ ಹಿಡಿದಿಡುವ ಬೂಟು, ಕುತ್ತಿಗೆಗೆ ಸುತ್ತಲು ಐಸ್ ನೀರಿನಲ್ಲಿ ಅದ್ದಿದ ಟವೆಲ್, ಥರ್ಮಾಸಿನಲ್ಲಿ ತಣ್ಣನೆಯ ಮುರುಗಲು ಪಾನಕ ಇರಲಿ. ಊರುಗೋಲನ್ನು ಬಲವಿರುವ ಬದಿಯ ಕೈಯಲ್ಲಿ ಹಿಡಿಯಬೇಕು; ನೀವು ದುರ್ಬಲ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಿ. ಅವರ ತೋಳನ್ನು ನೀವು ಎಳೆಯಬೇಡಿ, ನಿಮ್ಮ ತೋಳನ್ನು ಅವರು ಹಿಡಿಯಲಿ. ಗಾಲಿಕುರ್ಚಿಯನ್ನು ಮೊದಲಿನಿಂದಲೇ ಜೊತೆಗೆ ತನ್ನಿ. ಅಮ್ಮ ಅದಕ್ಕೆ ಬಹಳ ದಿನ ಒಪ್ಪಿರಲಿಲ್ಲ. ಖಾಲಿ ಕುರ್ಚಿಯನ್ನು ತಾವೇ ತಳ್ಳುತ್ತ ನಡೆದು, ಬೇಕೆನಿಸಿದಾಗ ಅದರಲ್ಲೇ ಕೂರಬಹುದೆಂದು ಕಂಡುಕೊಂಡ ಮೇಲೆ ಒಪ್ಪಿದರು. ಹಾಗೆ ತಳ್ಳುವಾಗ ಯಾರಾದರೂ ಪಕ್ಕದಲ್ಲೇ ಇರಬೇಕು.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಇನ್ನೂ ಅರ್ಧ ಶಕ್ತಿ ಉಳಿದಿದೆ ಎನ್ನುವಾಗಲೇ ಹಿಂತಿರುಗಬೇಕು, ಏಕೆಂದರೆ ಮನೆಯ ಮೆಟ್ಟಿಲು ಹತ್ತುವುದೂ ಆ ದಿನದ ನಡಿಗೆಯ ಭಾಗವೇ. ಅಮ್ಮ ತಾವಾಗಿ ಸುಸ್ತು ಎನ್ನುವವರಲ್ಲ. ಮಾತಿನ ನಡುವೆ ಎಡಗಾಲು ನೆಲಕ್ಕೆ ಸರ್ರೆಂದು ಉಜ್ಜುವ ಸದ್ದು ಎರಡು ಸಲ ಕೇಳಿಸಿದರೆ ನಾನು ಕುರ್ಚಿಯ ಬ್ರೇಕ್ ಹಾಕುತ್ತೇನೆ, ಅವರು ಕೂರುತ್ತಾರೆ. ನಿಮ್ಮ ತಂದೆ ತಾಯಿಯ ದೇಹ ಕೊಡುವ ಇಂಥ ಸೂಚನೆ ಯಾವುದೆಂದು ನಡಿಗೆಗೆ ಮೊದಲೇ ಗುರುತಿಸಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಫ್ಯಾನಿನ ಕೆಳಗೆ ವಿಶ್ರಾಂತಿ ಕೊಡಿ, ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನಡೆಯುವಾಗ ಹೆಚ್ಚಾದ ಜೋಮು, ಮಸುಕು ದೃಷ್ಟಿ ಸಾಮಾನ್ಯವಾಗಿ ಮೈ ತಂಪಾಗುತ್ತಿದ್ದಂತೆ ಇಳಿಯುತ್ತವೆ. ಹೊಸ ಲಕ್ಷಣವೊಂದು ಕಾಣಿಸಿಕೊಂಡು 24 ಗಂಟೆ ಕಳೆದರೂ ಉಳಿದಿದ್ದರೆ ನರರೋಗ ತಜ್ಞರಿಗೆ ಅಂದೇ ತಿಳಿಸಿ.