ಬೆಳಿಗ್ಗೆ ಒಂಬತ್ತೂಕಾಲಿಗೆ ನಮ್ಮ ಸರ್ವರ್ ಮಾತಾಡುತ್ತದೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ 40 ಕಂಪ್ಯೂಟರ್‌ಗಳಿವೆ, ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್. ಎಲ್ಲ ನೋಡಿಕೊಳ್ಳುವವನು ನಾನೊಬ್ಬನೇ, ಜೊತೆಗೆ ಪಾಠವೂ ಇದೆ. ಹಾಗಾಗಿ ಬ್ಯಾಕಪ್, ಡಿಸ್ಕ್ ತಪಾಸಣೆ, ಅಪ್‌ಡೇಟ್ ಎಲ್ಲವನ್ನೂ ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಮಾಡಿಸುವ ಲಿನಕ್ಸ್ ವ್ಯವಸ್ಥೆಗೆ, ಒಪ್ಪಿಸಿದ್ದೆ. ಕೆಲಸ ಆದರೂ ಇಮೇಲ್ ಬರುತ್ತಿತ್ತು, ಆಗದಿದ್ದರೂ ಬರುತ್ತಿತ್ತು.

ಒಂದು ಸಲ ಮೂರು ವಾರ ಬ್ಯಾಕಪ್ ಆಗಿರಲಿಲ್ಲ. ಮೇಲ್ ಬಂದಿದ್ದವು, ನಾನು ಓದಿರಲಿಲ್ಲ. ದಿನಾ ಬರುವ 'ಆಯಿತು' ಮೇಲ್‌ಗಳ ನಡುವೆ 'ಆಗಲಿಲ್ಲ' ಅನ್ನುವವೂ ಸೇರಿಹೋಗಿದ್ದವು. ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟ್ ಫೋಲ್ಡರ್ ಅಳಿಸಿಹೋಗಿದೆ ಅಂತ ಬಂದಾಗಲೇ ನನಗೆ ಗೊತ್ತಾದದ್ದು. ಮೂರು ವಾರದ ಕೆಲಸವನ್ನು ಅವಳು ಮತ್ತೆ ಮೊದಲಿಂದ ಮಾಡಬೇಕಾಯಿತು. ಇನ್ನು ಮೇಲ್ ಒಂದನ್ನೇ ನಂಬಿ ಕೂರಬಾರದು ಅಂತ ಅವತ್ತೇ ತೀರ್ಮಾನಿಸಿದೆ.

ನಾನು ಲ್ಯಾಬಿನಲ್ಲಿ ಇರುವುದು ದಿನಕ್ಕೆ ಎರಡು ಮೂರು ಗಂಟೆ. ಇಡೀ ದಿನ ಇರುವವರು ಅಟೆಂಡರ್ ಅಕ್ಕ. ಇಂಗ್ಲಿಷಿನ ಪರದೆ ಅವರಿಗೆ ಓದಲು ಬರುವುದಿಲ್ಲ. ಆದರೆ ಯಾವ ಮಿಷನ್‌ಗೆ ಯಾವ ಕಾಯಿಲೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ವರ್ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದರೆ ಅವರು ನನಗೆ ಒಂದು ಫೋನ್ ಮಾಡಬಹುದು, ಅಲ್ವಾ?

ಇದಕ್ಕೆ ನಾನು ಬಳಸಿದ್ದು ಇಸ್ಪೀಕ್ ಎನ್‌ಜಿ. ಉಚಿತ ತಂತ್ರಾಂಶ, ಕನ್ನಡ ಓದುತ್ತದೆ, ಇಂಟರ್ನೆಟ್ ಬೇಡ, ಹಳೆಯ ಮಿಷನ್‌ನಲ್ಲೂ ತಟ್ಟನೆ ಕೆಲಸ ಮಾಡುತ್ತದೆ. ದನಿ ಲೋಹದ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ, ಯಾಕೆಂದರೆ ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ ಅದು. ಲೆಕ್ಕ ಹಾಕಿ ದನಿಯನ್ನೇ ಹುಟ್ಟಿಸುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಕನ್ನಡ ದನಿ ಇದಕ್ಕಿಂತ ಎಷ್ಟೋ ಇಂಪಾಗಿದೆ. ಆದರೆ ಕರೆಂಟ್ ಹೋದ ಗಳಿಗೆಯಲ್ಲಿ ನನಗೆ ಬೇಕಾದದ್ದು ಇಂಪಲ್ಲ, ಹೇಳಬೇಕಾದದ್ದನ್ನು ಆ ಕ್ಷಣಕ್ಕೆ ಹೇಳುವುದು. ಇಸ್ಪೀಕ್ ಮಾಮೂಲಿಯಾಗಿ ನಿಮಿಷಕ್ಕೆ 175 ಪದದ ವೇಗದಲ್ಲಿ ಓದುತ್ತದೆ. ನಾನು 130ಕ್ಕೆ ಇಳಿಸಿದೆ. ಫ್ಯಾನ್ ಸದ್ದಿನ ಮಧ್ಯೆಯೂ ಆಗ ಪದ ಪದ ತಿಳಿಯುತ್ತದೆ.

ಇಸ್ಪೀಕ್‌ನಿಂದ ಮಾತಾಡಿಸಲು ಒಂದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಚಿಕ್ಕ ಪಟ್ಟಿ, ಬರೆದೆ. ನಾನೇ ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಓಡಿಸಿದಾಗ ಚೆನ್ನಾಗಿ ಮಾತಾಡಿತು, ಕ್ರಾನ್‌ನಿಂದ ಓಡಿಸಿದರೆ ಮೂಕ. ಎರಡು ಸಂಜೆ ಇದರಲ್ಲೇ ಹೋಯಿತು. ಡೆಸ್ಕ್‌ಟಾಪ್‌ನಲ್ಲಿ ಸದ್ದು ನೋಡಿಕೊಳ್ಳುವ ಪಲ್ಸ್‌ಆಡಿಯೋ ಅನ್ನುವ ತಂತ್ರಾಂಶ ಲಾಗಿನ್ ಆದ ಬಳಕೆದಾರನ ಸೆಷನ್‌ಗೆ ಸೇರಿದ್ದು. ಕ್ರಾನ್‌ಗೆ ಆ ಸೆಷನ್‌ನ ವಿಳಾಸವೇ ಗೊತ್ತಿರುವುದಿಲ್ಲ. ಕೊನೆಗೆ ಮಾತನ್ನು ಮೊದಲು ವೇವ್ ಅನ್ನುವ ಆಡಿಯೋ ಫೈಲ್ ಮಾಡಿ, ಎಪ್ಲೇ ಅನ್ನುವ ಆಜ್ಞೆಯ ಮೂಲಕ ನೇರವಾಗಿ ಸೌಂಡ್ ಕಾರ್ಡ್‌ಗೆ ಕಳಿಸಿದೆ. ಸ್ಕ್ರಿಪ್ಟ್ ಓಡಿಸುವ ಬಳಕೆದಾರನನ್ನು ಸೌಂಡ್ ಕಾರ್ಡ್ ಬಳಸಲು ಅನುಮತಿ ಇರುವ ಆಡಿಯೋ ಗುಂಪಿಗೆ ಸೇರಿಸಿದೆ. ಸರ್ವರ್‌ನಲ್ಲಿ ಸ್ಪೀಕರ್ ಸಿಕ್ಕಿಸುವ ಜಾಗ ಇರಲಿಲ್ಲ, ಅದಕ್ಕೊಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ.

ಕರೆಂಟ್ ಹೋದದ್ದನ್ನು ಯುಪಿಎಸ್ ಹೇಳುತ್ತದೆ. ಎಪಿಸಿಯುಪಿಎಸ್‌ಡಿ ಅನ್ನುವ ತಂತ್ರಾಂಶ ಯುಪಿಎಸ್ ಬ್ಯಾಟರಿಗೆ ಬಂದ ಕೂಡಲೇ ಎಚ್ಚರಿಕೆ ಕೊಡದೆ ಆರು ಸೆಕೆಂಡ್ ಕಾಯುತ್ತದೆ. ಹಾಗಾಗಿ ಕರೆಂಟ್ ಸುಮ್ನೆ ಕಣ್ಣು ಮಿಟುಕಿಸಿದ್ದಕ್ಕೆಲ್ಲ ಘೋಷಣೆ ಬರುವುದಿಲ್ಲ. ಆರು ಸೆಕೆಂಡ್ ದಾಟಿದರೆ ಅದು ಓಡಿಸುವ ಸ್ಕ್ರಿಪ್ಟ್‌ನಲ್ಲಿ ನನ್ನ ಒಂದು ಸಾಲು ಸೇರಿಸಿದ್ದೇನೆ. ಮೊದಲ ಸಲ ಕರೆಂಟ್ ಹೋದಾಗ ಸದ್ದೇ ಇಲ್ಲ! ನೋಡಿದರೆ ಸ್ಪೀಕರ್ ಗೋಡೆಯ ಪ್ಲಗ್‌ನಲ್ಲಿತ್ತು. ಅದನ್ನೂ ಯುಪಿಎಸ್‌ಗೆ ಹಾಕಿ. ಇದೇ ಕೆಲಸ ಮಾಡಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಏನು ಹೇಳಿಸಬೇಕು ಅನ್ನುವುದು. ಮೊದಲು 'ಎಚ್ಚರಿಕೆ, ಸರ್ವರ್ ಬ್ಯಾಟರಿಯಲ್ಲಿದೆ' ಅಂತಿತ್ತು. ಅಕ್ಕ ಕೇಳಿದರು, "ಸರಿ ಸಾರ್, ಅದಕ್ಕೆ ನಾನೇನು ಮಾಡ್ಲಿ?" ನ್ಯಾಯವಾದ ಪ್ರಶ್ನೆ. ಈಗ ಹೀಗಿದೆ: 'ಕರೆಂಟ್ ಹೋಗಿದೆ. ಇನ್ನು ಹನ್ನೆರಡು ನಿಮಿಷ ಬ್ಯಾಟರಿ ಇದೆ. ಎಲ್ಲರೂ ಫೈಲ್ ಸೇವ್ ಮಾಡಿ.' ಮಿಷನ್‌ಗಳ ಹೆಸರನ್ನೂ ಬದಲಾಯಿಸಿದೆ. ಐಪಿ ವಿಳಾಸದ ಅಂಕಿಗಳನ್ನು ಕಿವಿಯಲ್ಲಿ ಕೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 'ಕಿಟಕಿ ಸಾಲಿನ ಮೂರನೇ ಮಿಷನ್' ಅಂದರೆ ಅಕ್ಕ ಸೀದಾ ಅಲ್ಲಿಗೇ ಹೋಗುತ್ತಾರೆ. ಮಕ್ಕಳ ಹೆಸರು ಮಾತ್ರ ಯಾವ ಘೋಷಣೆಯಲ್ಲೂ ಬರಬಾರದು ಅಂತ ಮಾಡಿದ್ದೇನೆ. ಇಂಥವರ ಡಿಸ್ಕ್ ಜಾಗ ತುಂಬಿದೆ ಅಂತ ನಲವತ್ತು ಜನರ ಮುಂದೆ ಕೂಗಿ ಹೇಳುವುದು ತಪ್ಪು.

ಮಾತಿಗೆ ಮುಂಚೆ ಒಂದು ಬೆಲ್ ಸದ್ದು ಬೇಕೇ ಬೇಕು. ರೈಲ್ವೆ ಸ್ಟೇಷನ್ನಿನಲ್ಲೂ ಮೊದಲು ಟಿಂಗ್ ಅಂದ ಮೇಲೆ ತಾನೇ ನಾವು ಕಿವಿ ಕೊಡುವುದು? ಎರಡು ಘೋಷಣೆ ಒಟ್ಟಿಗೆ ಬಂದರೆ ಎರಡೂ ತಿಳಿಯುವುದಿಲ್ಲ. ಅದಕ್ಕೆ ಎಫ್‌ಲಾಕ್ ಅನ್ನುವ ಲಿನಕ್ಸ್ ಆಜ್ಞೆಯಿಂದ ಬೀಗ ಹಾಕಿದ್ದೇನೆ, ಒಂದು ಮುಗಿದ ಮೇಲೆ ಇನ್ನೊಂದು. ರಾತ್ರಿ ಖಾಲಿ ಕೋಣೆಗೆ ಮಾತಾಡಿ ಪ್ರಯೋಜನವಿಲ್ಲ. ಆಗಿನ ಮಾತುಗಳೆಲ್ಲ ಒಂದು ಫೈಲಿನಲ್ಲಿ ಕಾಯುತ್ತವೆ.

ಬೆಳಿಗ್ಗೆ 9:15ಕ್ಕೆ, ಅಕ್ಕ ಕಸ ಗುಡಿಸಿ ಮುಗಿಸುವ ಹೊತ್ತಿಗೆ, ಅವೆಲ್ಲ ಹೊರಗೆ ಬರುತ್ತವೆ. ಏನೂ ತೊಂದರೆ ಇಲ್ಲದಿದ್ದರೂ ಒಂದು ವಾಕ್ಯ ಇರುತ್ತದೆ: 'ನಿನ್ನೆ ರಾತ್ರಿಯ ಬ್ಯಾಕಪ್ ಆಗಿದೆ.' ಎಲ್ಲ ಸರಿ ಇದ್ದಾಗ ಯಾಕೆ ಮಾತು ಅಂತ ಒಬ್ಬ ಸಹೋದ್ಯೋಗಿ ಕೇಳಿದ್ದರು. ನಾನು ತೆಗೆಯಲಿಲ್ಲ. ಮಾತೇ ಬರದಿದ್ದರೆ ಎಲ್ಲ ಸರಿ ಇದೆಯೋ, ಸರ್ವರೇ ನಿಂತಿದೆಯೋ ತಿಳಿಯುವುದು ಹೇಗೆ?

ಅಕ್ಕ ಆ ವಾಕ್ಯ ಕೇಳಿದ ಮೇಲೆ ಕೀ ರಿಜಿಸ್ಟರ್‌ನ ಅಂಚಿನಲ್ಲಿ ಒಂದು ಸರಿ ಗುರುತು ಹಾಕುತ್ತಾರೆ. ನಾನು ಹೇಳಿರಲಿಲ್ಲ, ಅವರೇ ಶುರು ಮಾಡಿದ್ದು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾನಿನ್ನೂ ಬಸ್ಸಿನಲ್ಲಿದ್ದೆ. ಅವರ ಫೋನ್ ಬಂತು.

"ಸಾರ್, ಒಂಬತ್ತೂವರೆ ಆಯ್ತು. ಇವತ್ತು ಅದು ಮಾತಾಡ್ಲಿಲ್ಲ."

ಹೋಗಿ ನೋಡಿದೆ. ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ಪೂರ್ತಿ ತುಂಬಿತ್ತು, ಮಾತಿನ ಫೈಲ್ ಬರೆಯಲೂ ಜಾಗ ಇರಲಿಲ್ಲ. ಹತ್ತು ಗಂಟೆಯ ಕ್ಲಾಸಿಗೆ ಮಕ್ಕಳು ಬರುವಷ್ಟರಲ್ಲಿ ಜಾಗ ಮಾಡಿ, ಬಿಟ್ಟುಹೋದ ಬ್ಯಾಕಪ್ ಶುರು ಮಾಡಿದ್ದೆ. ರಿಜಿಸ್ಟರ್‌ನ ಅಂಚಿನಲ್ಲಿ ಆ ದಿನದ ಜಾಗ ಖಾಲಿ ಇತ್ತು. ಬ್ಯಾಕಪ್ ಮುಗಿದದ್ದನ್ನು ಸರ್ವರ್ ಹೇಳಿದ ಮೇಲೆಯೇ ಅಕ್ಕ ಅಲ್ಲಿ ಗುರುತು ಹಾಕಿದ್ದು.