ಕಲ್ಲಿಗೆ ಕಲ್ಲು ಅಂಟಿಸದೆ ಜೋಡಿಸುವುದು ಹೇಗೆ?

ಅಕ್ಕನ ಮಗ ರಜೆಗೆ ದಾವಣಗೆರೆಗೆ ಬಂದಿದ್ದ. ಮೊಬೈಲ್ ಬಿಡಿಸಬೇಕಿತ್ತು, ಗೋ ಎಂಬ ಕಪ್ಪು-ಬಿಳಿ ಕಲ್ಲಿನ ಆಟ ಕಲಿಸಲು ಕೂತೆ. ಹಲಗೆ ಕೊಳ್ಳಲಿಲ್ಲ. ಸೀರೆ ಡಬ್ಬದ ರಟ್ಟಿನ ಮೇಲೆ 9 ಅಡ್ಡಗೆರೆ, 9 ಉದ್ದಗೆರೆ ಎಳೆದೆವು. ಕಪ್ಪು ಕಲ್ಲಿಗೆ ಹುಣಸೆ ಬೀಜ, ಬಿಳಿ ಕಲ್ಲಿಗೆ ಟೈಲರ್ ಅಂಗಡಿಯ ಅಂಗಿ ಗುಂಡಿ. ತಲಾ 40 ಇದ್ದರೆ ಸಾಕು. ಪೂರ್ತಿ ಹಲಗೆಗೆ 19 ಗೆರೆ, 361 ಕೂಡುಜಾಗ ಇರುತ್ತವೆ. ಹೊಸಬರಿಗೆ ಅಷ್ಟು ದೊಡ್ಡದು ಬೇಡ.

ನಿಯಮ ಜಾಸ್ತಿ ಇಲ್ಲ. ಕಲ್ಲನ್ನು ಮನೆಯೊಳಗೆ ಅಲ್ಲ, ಗೆರೆಗಳು ಕೂಡುವ ಕಡೆ ಇಡಬೇಕು. ಕಪ್ಪು ಮೊದಲು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಕಲ್ಲಿನ ಪಕ್ಕ ಗೆರೆಯ ಮೇಲೆ ಖಾಲಿ ಇರುವ ಜಾಗವೇ ಅದರ ಉಸಿರು. ಈ ಆಟ ಹುಟ್ಟಿದ ಚೀನಾದಲ್ಲೂ ಅದನ್ನು ಹಾಗೇ ಕರೆಯುತ್ತಾರೆ. ಉಸಿರೆಲ್ಲ ಮುಚ್ಚಿದರೆ ಕಲ್ಲು ಎತ್ತಿ ಪಕ್ಕಕ್ಕೆ. ಕೊನೆಗೆ ಹೆಚ್ಚು ಜಾಗ ಸುತ್ತುವರಿದವರು ಗೆದ್ದರು.

ಮೊದಲ ದಿನ ಹುಡುಗ ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪೇ. ಕಲ್ಲಿನ ಪಕ್ಕದಲ್ಲೇ ಕಲ್ಲು, ಅದರ ಪಕ್ಕ ಇನ್ನೊಂದು. ಯಾಕೋ ಹೀಗೆ ಅಂದರೆ, ‘ಬಿಟ್ರೆ ನೀನು ನಡುವೆ ನುಗ್ತೀಯಲ್ಲ ಮಾಮಾ’ ಅಂದ. ಭಯ ಸರಿಯಾದದ್ದೇ. ಆದರೆ ಅವನು ಹತ್ತು ಕಲ್ಲು ಅಂಟಿಸುವಷ್ಟರಲ್ಲಿ ನನ್ನ ಗುಂಡಿಗಳು ಮೂರು ಮೂಲೆ ಹಿಡಿದಿದ್ದವು. ಒಂದು ಕಲ್ಲು ಅಂದರೆ ಒಂದು ಸರದಿ. ಸುಮ್ನೆ ಖರ್ಚು ಮಾಡಿದರೆ ವಾಪಸ್ ಬರೋದಿಲ್ಲ.

ಈಗ ನೀವೂ ರಟ್ಟು ಮುಂದಿಟ್ಟುಕೊಳ್ಳಿ. ಎಡದಿಂದ 1ರಿಂದ 9, ಕೆಳಗಿನಿಂದ ಮೇಲಕ್ಕೆ 1ರಿಂದ 9 ಬರೆಯಿರಿ. 4-5 ಅಂದರೆ ಎಡದಿಂದ ನಾಲ್ಕು, ಕೆಳಗಿನಿಂದ ಐದು.

ಮೊದಲು ಉಸಿರು ಎಣಿಸಿ. ನಡು ಹಲಗೆಯಲ್ಲಿ ಒಂಟಿ ಕಲ್ಲಿಗೆ 4 ಉಸಿರು. ಸಾಲಾಗಿ ತಾಗಿಸಿ ಮೂರು ಇಟ್ಟರೆ ಅವು ಒಂದೇ ಗುಂಪು, ಒಟ್ಟು ಉಸಿರು 8. ಅದೇ ಮೂರನ್ನು 5-5, 5-6, 6-5ರಲ್ಲಿ ಮೂಲೆ ತಿರುಗಿಸಿ ಇಡಿ. ಈಗ 7. ಇದಕ್ಕೆ ಖಾಲಿ ತ್ರಿಕೋನ ಅನ್ನುತ್ತಾರೆ, ಆಟಗಾರರು ಮೂಗು ಮುರಿಯುವ ಆಕಾರ. ನಾಲ್ಕು ಕಲ್ಲು ಸಾಲಾಗಿದ್ದರೆ 10 ಉಸಿರು, ಚೌಕವಾಗಿ ಒತ್ತಿಟ್ಟರೆ 8 ಮಾತ್ರ.

ಇನ್ನು ಓರೆ ಜೋಡಿ. ಕಪ್ಪನ್ನು 4-4 ಮತ್ತು 5-5ರಲ್ಲಿ ಇಡಿ. ಗೆರೆಯ ಮೇಲೆ ಇವು ಒಂದನ್ನೊಂದು ಮುಟ್ಟಿಲ್ಲ. ಆದರೂ ಜೋಡಿಯೇ, ಯಾಕೆಂದರೆ ಸೇರಲು ಎರಡು ಬಾಗಿಲಿವೆ: 4-5 ಮತ್ತು 5-4. ಬಿಳಿ ಒಂದನ್ನು ಮುಚ್ಚಿದರೆ ಕಪ್ಪು ಇನ್ನೊಂದರಲ್ಲಿ ಸೇರುತ್ತದೆ. ಹುಡುಗನಿಗೆ ನಾನು ಬಾಯಿಪಾಠ ಮಾಡಿಸಿದ್ದು ಒಂದೇ ಪ್ರಶ್ನೆ: ಎದುರಾಳಿ ಮೊದಲು ಇಟ್ಟರೂ ನಾನು ಸೇರಿಸಬಲ್ಲೆನಾ? ಹೌದಾದರೆ ಈಗ ಅಲ್ಲಿ ಕಲ್ಲು ಇಡಬೇಡ, ಬೇರೆ ಕಡೆ ಹೋಗು.

ಇದೇ ಲೆಕ್ಕದ ಗಟ್ಟಿ ರೂಪ ಬಿದಿರ ಗೆಣ್ಣು. 4-4, 4-5 ಒಂದು ಜೊತೆ; 6-4, 6-5 ಇನ್ನೊಂದು. ನಡುವೆ 5-4, 5-5 ಖಾಲಿ. ಬಿಳಿ ಯಾವುದಕ್ಕೆ ಬಂದರೂ ಕಪ್ಪು ಮತ್ತೊಂದನ್ನು ತುಂಬುತ್ತದೆ. ಒಂದೇ ಒಂದು ಎಚ್ಚರ: ಸುತ್ತಲೂ ಬಿಳಿ ಒತ್ತಿ ಉಸಿರು ಕಡಿಮೆಯಾಗಿದ್ದರೆ, ತುಂಬಿದ ಕೂಡಲೇ ನಿಮ್ಮ ಗುಂಪೇ ಸಿಕ್ಕಿಬೀಳಬಹುದು. ಆಗ ಗೆಣ್ಣನ್ನು ನಂಬಬೇಡಿ.

ನನಗೆ ತುಂಬ ಇಷ್ಟವಾದದ್ದು ಹುಲಿಬಾಯಿ. ಚೀನಿಯರೂ ಅದಕ್ಕೆ ಇದೇ ಹೆಸರಿಟ್ಟಿದ್ದಾರೆ. ಹುಡುಗನಿಗೆ ರಟ್ಟಿನ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಭಾನುವಾರ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದೆ. ಓಬವ್ವನ ಕಿಂಡಿ ಮುಂದೆ ನಿಂತು, ಅವನು ತಾನೇ ಬಗ್ಗಿ ತೂರಿ ನೋಡಿದ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತಲೆ ತೂರಿಸಿದ್ದು, ಒನಕೆ ಹಿಡಿದು ಓಬವ್ವ ಕಾದು ನಿಂತಿದ್ದು, ಈ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ‘ಕಿಂಡಿ ಮುಚ್ಚಿರಲಿಲ್ಲ ಅಲ್ವಾ ಮಾಮಾ’ ಅಂದ. ಅಷ್ಟೇ ಸಾಕಾಗಿತ್ತು.

ಮನೆಗೆ ಬಂದು ಇಟ್ಟು ನೋಡಿದೆವು. ಕಪ್ಪು 4-5 ಮತ್ತು 5-4ರಲ್ಲಿ, ಬಿಳಿ 4-4ರಲ್ಲಿ. ಒಂದು ಬಾಗಿಲು ಆಗಲೇ ಹೋಯಿತು. 5-5ಕ್ಕೂ ಬಿಳಿ ಬಂದರೆ ಜೋಡಿ ಎರಡು ತುಂಡು. 5-5ನ್ನು ನೀವೇ ತುಂಬಬಹುದು, ಗಟ್ಟಿ. ಆದರೆ ಅದರ ಬದಲು 6-5ಕ್ಕೆ ಇಡಿ. ಈಗ 5-5ರ ಮೂರು ಕಡೆ ಕಪ್ಪು ಇದೆ, ಇದೇ ಹುಲಿಬಾಯಿ. ಬಿಳಿ ಒಳಗೆ ಬಂದರೆ ಅದಕ್ಕೆ ಉಳಿಯುವುದು 5-6 ಎಂಬ ಒಂದೇ ಉಸಿರು. ಕಪ್ಪು ಅಲ್ಲಿಟ್ಟು ಎತ್ತಿಬಿಡುತ್ತದೆ. ಕೊಂಡಿಯೂ ಆಯಿತು, ಕಲ್ಲು ಒಂದು ಹೆಜ್ಜೆ ಮುಂದಕ್ಕೂ ಹೋಯಿತು. 6-5ರ ಬದಲು 5-6ಕ್ಕೆ ಇಟ್ಟರೂ ಹುಲಿಬಾಯಿಯೇ. ಎತ್ತ ಜಾಗ ಬೇಕೋ ಅತ್ತ ಚಾಚಿ.

ಇದಕ್ಕೂ ಒಂದು ಕೊರತೆ ಇದೆ. 6-5ಕ್ಕೆ ಚಾಚಿದ ಮೇಲೆ ಬಿಳಿ 5-6ರಲ್ಲಿ ಬಂದು ಇಣುಕಬಹುದು. ಆಮೇಲೆ 5-5ಕ್ಕೆ ಬರುವ ಬಿಳಿಗೆ ಹಿಂದೆ ಜೊತೆಗಾರ ಇರುತ್ತಾನೆ, ಎತ್ತಲು ಬರೋದಿಲ್ಲ. ಹಾಗಾಗಿ ಇಣುಕಿದ ತಕ್ಷಣ 5-5 ತುಂಬಿಬಿಡಿ. ಈ ಇಣುಕಾಟದಿಂದ ಪಕ್ಕದಲ್ಲಿ ಬಿಳಿಗೆ ಲಾಭ ಆಗುವಂತಿದ್ದರೆ, ಮೊದಲೇ ಗಟ್ಟಿಯಾಗಿ ತುಂಬುವುದೇ ವಾಸಿ. ಇದು ಆಡಿ ಆಡಿ ಬರುವ ಲೆಕ್ಕ.

ಒಂದು ಕೂಡುಜಾಗ ಬಿಟ್ಟ ನೆಗೆತ (4-5, 6-5) ಮತ್ತು ಕುದುರೆ ನಡೆ (4-4, 6-5) ಇನ್ನೂ ಬೇಗ ಓಡುತ್ತವೆ, ಆದರೆ ಕೊಂಡಿ ಸಡಿಲ. ನೆಗೆತದ ನಡುವೆ, 5-5ಕ್ಕೆ ಬಿಳಿ ನುಗ್ಗಬಹುದು. ಹತ್ತಿರದಲ್ಲಿ ಕಪ್ಪಿಗೆ ಸಹಾಯ ಇದ್ದರೆ ನುಗ್ಗಿದವನಿಗೇ ಪೆಟ್ಟು. ಕುದುರೆ ನಡೆಯನ್ನು ತುಂಡು ಮಾಡುವುದು ಸುಲಭ: ಬಿಳಿ 5-4, ಕಪ್ಪು 5-5, ಬಿಳಿ 4-5. ಮುಗಿಯಿತು. ತುಂಡಾದರೂ ಪರವಾಗಿಲ್ಲ ಅನ್ನುವ ಕಡೆ ಮಾತ್ರ ಇದನ್ನು ಆಡಿ.

ಈಗ ನಿಮಗೊಂದು ಲೆಕ್ಕ. ಕಪ್ಪು 4-4, 4-5 ಮತ್ತು 6-5ರಲ್ಲಿದೆ. ಸುತ್ತ ಬೇರೆ ಕಲ್ಲಿಲ್ಲ, ನಿಮ್ಮ ಸರದಿ. 5-5 ತುಂಬದೆ ಮೂರನ್ನೂ ಸೇರಿಸಬೇಕು. ಒಂದಕ್ಕಿಂತ ಹೆಚ್ಚು ಉತ್ತರ ಇದೆ. ಹುಡುಗ ತಟ್ಟನೆ 6-4 ಅಂದ, ಬಿದಿರ ಗೆಣ್ಣು. ಆಮೇಲೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ 5-6 ಅಂದ. ಮೂರನೆಯದನ್ನು ನಾನೇ ಹೇಳಬೇಕಾಯಿತು. ನಿಮಗೆ ಹೇಳೋದಿಲ್ಲ, ರಟ್ಟು ತೆಗೆಯಿರಿ.