ಒಂದು ಮಳೆಗಾಲಕ್ಕೆ ನೈಪಾಲ್: ಓದಿನ ಬಳಗಕ್ಕೊಂದು ಕೈಪಿಡಿ

ಮಲೆನಾಡಿನಲ್ಲಿ ಓದಿನ ಬಳಗ ಕಟ್ಟುವವರು ಮೊದಲು ನೋಡಬೇಕಾದ್ದು ತೋಟದ ಕೆಲಸ. ಅಡಿಕೆ ಕೊನೆ (ಗೊಂಚಲು) ಕೊಯ್ಲು ಶುರುವಾದರೆ ಅಡಿಕೆ ಮನೆಯವರು ಯಾರೂ ಕೈಗೆ ಸಿಗುವುದಿಲ್ಲ, ಅದಕ್ಕೇ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 17 ವಾರ ಇವೆ. 14 ಕೂಟ ಇಟ್ಟುಕೊಳ್ಳಿ, ಮೂರು ವಾರ ಬಿಡುವಿರಲಿ. ಮಳೆ ಹೊಳವಾದ ದಿನ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವುದು ಬಿಟ್ಟು ಯಾರೂ ಕಾದಂಬರಿಗೆ ಬರಲಾರರು. ಎಂಟರಿಂದ ಹತ್ತು ಜನ ಸಾಕು.

ಇಂಗ್ಲಿಷಿನಲ್ಲಿ ಬರೆದ ಕಾದಂಬರಿಕಾರ ವಿ.ಎಸ್. ನೈಪಾಲ್ ಅವರನ್ನು ಎಲ್ಲಿಂದ ಹಿಡಿಯಬೇಕು ಎಂಬಲ್ಲೇ ಹೆಚ್ಚಿನ ಬಳಗಗಳು ಎಡವುವುದು. ಭಾರತದ ಬಗ್ಗೆ ಬರೆದಿದ್ದಾರಲ್ಲ ಎಂದು 1964ರ 'ಆನ್ ಏರಿಯಾ ಆಫ್ ಡಾರ್ಕ್‌ನೆಸ್' ಎತ್ತಿಕೊಂಡರೆ ಎರಡನೇ ವಾರಕ್ಕೇ ಸಿಟ್ಟು ಏರುತ್ತದೆ. ಆಮೇಲೆ ನಡೆಯುವುದು ದೇಶದ ಪರ-ವಿರೋಧದ ವಾದ, ಕಾದಂಬರಿಕಾರ ಕೈತಪ್ಪಿ ಹೋಗುತ್ತಾನೆ. ಅದರ ಬದಲು ಮೊದಲ ಕೂಟಕ್ಕೆ 'ಮಿಗೆಲ್ ಸ್ಟ್ರೀಟ್'. ಬಿಡಿಬಿಡಿ ಕಥೆಗಳು, ಒಂದೇ ಬೀದಿ. ಅಚ್ಚಾದದ್ದು 1959ರಲ್ಲಿ, ಮೂರನೆಯ ಪುಸ್ತಕವಾಗಿ. ಬರೆದದ್ದು ಮಾತ್ರ ಎಲ್ಲಕ್ಕಿಂತ ಮೊದಲು.

ಬದುಕಿನ ವಿವರಕ್ಕೆ ಗೋಡೆಯ ಮೇಲೆ ಒಂದು ಹಾಳೆ ಸಾಕು. 1932, ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಚಗ್ವಾನಸ್‌ನಲ್ಲಿ ಹುಟ್ಟು. ಕರಾರಿನ ಮೇಲೆ ಕಬ್ಬಿನ ತೋಟಕ್ಕೆ ಹಡಗು ಹತ್ತಿದ ಭಾರತದ ಕೂಲಿಯವರ ವಂಶ. 1950, ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್. 1953, ಊರಿನಲ್ಲಿ ಅಪ್ಪನ ಸಾವು. 1971 ಬುಕರ್, 2001 ನೊಬೆಲ್, 2018ರಲ್ಲಿ ಲಂಡನ್ನಿನಲ್ಲಿ ಮರಣ. 2008ರಲ್ಲಿ ಬಂದ, ಅವರೇ ಒಪ್ಪಿಗೆ ಕೊಟ್ಟ ಜೀವನಚರಿತ್ರೆಯಲ್ಲಿ ಹೆಂಡತಿ ಪೆಟ್ರೀಷಿಯಾ ಅವರನ್ನು ನೋಯಿಸಿದ ಸಂಗತಿಗಳು ತೆರೆದೇ ಇವೆ. ಅದನ್ನು ಬಳಗದಿಂದ ಮುಚ್ಚಿಡಬೇಡಿ. ಕಾದಂಬರಿ ಮುಗಿದ ಮೇಲೆ ಮಾತಿಗೆ ತನ್ನಿ.

ಇನ್ನು ಹತ್ತು ಕೂಟ 1961ರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್'ಗೆ. ಮೊದಲ ಭಾಗದಲ್ಲಿ 6 ಅಧ್ಯಾಯ, ಎರಡನೆಯದರಲ್ಲಿ 7, ಹಿಂದೆ ಮುಂದೆ ಎರಡು ಚಿಕ್ಕ ತುಣುಕು. ಜನ ಸೋಲುವುದು ತುಳಸಿ ಮನೆತನದ ಹನುಮಾನ್ ಹೌಸ್ ಹೊಕ್ಕ ಕೂಡಲೇ: ಯಾರ ಗಂಡ ಯಾರು, ಯಾರ ಮಗು ಯಾವುದು ತಿಳಿಯುವುದಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ವಂಶವೃಕ್ಷ ಬರೆಯಿರಿ. ಮೇಲೆ ಮಿಸೆಸ್ ತುಳಸಿ, ಪಕ್ಕದಲ್ಲಿ ಸೋದರಿಯ ಗಂಡ ಸೇಠ್, ಕೆಳಗೆ ಹೆಣ್ಣುಮಕ್ಕಳು, ಅಳಿಯಂದಿರು. ಹೆಣ್ಣುಮಕ್ಕಳ ಸಾಲಿನಲ್ಲಿ ಶಾಮಾ, ಅವಳ ಪಕ್ಕ ಗಂಡ ಮೋಹನ್ ಬಿಸ್ವಾಸ್. ಅವನ ಪಾಡು ಏನೆಂದು ಕನ್ನಡದವರಿಗೆ ವಿವರಿಸಬೇಕಿಲ್ಲ, 'ಮನೆಅಳಿಯ' ಅಂದರೆ ಮುಗಿಯಿತು. ಜಗಲಿ ತುಂಬ ಜನ ಉಣ್ಣುತ್ತಿದ್ದ ಕೂಡುಕುಟುಂಬ ಕಂಡವರು ಈ ಅಧ್ಯಾಯವನ್ನು ಬೇರೆಯವರಿಗಿಂತ ಚೆನ್ನಾಗಿ ಓದುತ್ತಾರೆ.

ಸಂಭಾಷಣೆಯಲ್ಲೂ ಒಂದು ಗುಟ್ಟಿದೆ. ಪಾತ್ರಗಳು ಹಿಂದಿಯಲ್ಲಿ ಆಡಿದ್ದನ್ನು ನೈಪಾಲ್ ತಿದ್ದಿದ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಆಡಿದ್ದನ್ನು ದ್ವೀಪದ ಆಡುಮಾತಿನಲ್ಲಿ. ಮೊದಲೇ ಹೇಳದಿದ್ದರೆ ವ್ಯಾಕರಣ ತಪ್ಪಿದೆ, ಅಚ್ಚಿನ ದೋಷ ಎಂದೇ ಓದುಗರು ತಿಳಿಯುತ್ತಾರೆ. ಯಾರಾದರೂ ಗಟ್ಟಿಯಾಗಿ ಓದಲಿ. ವ್ಯತ್ಯಾಸ ಕಿವಿಗೆ ತಾನೇ ಸಿಗುತ್ತದೆ.

'ಗ್ರೀನ್ ವೇಲ್' ಅಧ್ಯಾಯವನ್ನು ಜುಲೈಗೇ ಬರುವಂತೆ ಹೊಂದಿಸಿ. ಬಿಸ್ವಾಸ್ ಅರೆಬರೆ ಕಟ್ಟಿದ ಮನೆಗೆ ಹಳೆಯ ತಗಡು ಹೊದಿಸಿದ್ದಾನೆ. ತೂತು ಮುಚ್ಚಲು ಬಳಿದ ಡಾಂಬರು ಬಿಸಿಲಿಗೆ ಕರಗಿ ಕಪ್ಪು ಹಾವುಗಳ ಹಾಗೆ ಸೂರಿನಿಂದ ಜೋತುಬಿದ್ದಿದೆ. ಆಮೇಲೆ ಬಿರುಗಾಳಿ, ಮಳೆ, ಒಳಗೆ ಹೆದರಿದ ಅಪ್ಪ-ಮಗ. ಹೊರಗೆ ನಮ್ಮ ಮಳೆ ಹೆಂಚಿನ ಮೇಲೆ ಬಡಿಯುವಾಗ ಓದಿದರೆ ಯಾವ ವ್ಯಾಖ್ಯಾನವೂ ಬೇಡ. ಕರೆಂಟು ಹೋಗುವುದು ಖಂಡಿತ, ಆದ್ದರಿಂದ ಮೊಬೈಲ್ ನೆಚ್ಚದೆ ಅಚ್ಚಿನ ಪ್ರತಿ, ಒಂದು ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ.

ಕಾದಂಬರಿ ಮುಗಿದ ವಾರ ನೈಪಾಲ್ ಮತ್ತು ಅವರ ಅಪ್ಪನ ಪತ್ರಗಳ ಸಂಕಲನ. ಈಗ ಹಾಳೆಯನ್ನು ಎರಡು ಕಾಲಂ ಮಾಡಿ. ಅಪ್ಪ ಸೀಪರ್ಸಾದ್ 'ಟ್ರಿನಿಡಾಡ್ ಗಾರ್ಡಿಯನ್' ಪತ್ರಕರ್ತ, ಬಿಸ್ವಾಸ್ 'ಸೆಂಟಿನೆಲ್' ಪತ್ರಕರ್ತ. ನಿಜದ ಮನೆ ನೇಪಾಳ್ ಸ್ಟ್ರೀಟ್, ಕಾದಂಬರಿಯ ಮನೆ ಸಿಕ್ಕಿಂ ಸ್ಟ್ರೀಟ್. ಸಾಮ್ಯ ಗುರುತಿಸುವುದು ಸುಲಭ. ಮುಖ್ಯವಾದದ್ದು ಬೇರೆ: ಸೀಪರ್ಸಾದ್ ಸ್ವತಃ ಕಥೆಗಾರ, 1943ರಲ್ಲೇ ಅವರ ಕಥಾಸಂಕಲನ ಬಂದಿತ್ತು. ಬಿಸ್ವಾಸ್‌ನಿಗೆ ಅಂಥ ಪುಸ್ತಕವಿಲ್ಲ. ಮಗ ಏನನ್ನು ತೆಗೆದುಹಾಕಿದ, ಯಾಕೆ ಎಂಬುದೇ ಆ ದಿನದ ಚರ್ಚೆಯಾಗಲಿ.

ಕೊನೆಯ ಎರಡು ಕೂಟ ನಮ್ಮೂರಿಗೆ ಮೀಸಲು. ತುರ್ತುಪರಿಸ್ಥಿತಿಯ ಕಾಲದಲ್ಲಿ ಭಾರತ ಸುತ್ತಿ ನೈಪಾಲ್ ಬರೆದ 1977ರ 'ಇಂಡಿಯಾ: ಎ ವೂಂಡೆಡ್ ಸಿವಿಲೈಜೇಷನ್'ನಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ ಚರ್ಚೆ ಇದೆ. ಅದರ ನಾಯಕ ಪ್ರಾಣೇಶಾಚಾರ್ಯನಲ್ಲಿ ನೈಪಾಲ್ ಕಾಣುವುದು ತನ್ನನ್ನು ತಾನೇ ನೋಡಿಕೊಳ್ಳಲಾರದ ಭಾರತೀಯ ಮನಸ್ಸನ್ನು. ಕಾದಂಬರಿಯನ್ನು ಸಮಾಜದ ವರದಿಯಂತೆ ಓದಿದ್ದರಿಂದ ಹೀಗಾಯಿತು ಎಂಬುದು ನಮ್ಮ ಎಣಿಕೆ. ಆದರೆ ಅದನ್ನು ಮೊದಲೇ ಹೇಳಬೇಡಿ. ಈ ಎರಡರಲ್ಲಿ ಮೊದಲನೆಯ ಕೂಟದಲ್ಲಿ 'ಸಂಸ್ಕಾರ'ವನ್ನು ಕನ್ನಡದಲ್ಲೇ ಓದಿ. ಆಚಾರ್ಯ ಅಗ್ರಹಾರ ಬಿಟ್ಟು ಪುಟ್ಟನ ಜೊತೆ ಮೇಳಿಗೆಯ ತೇರಿಗೆ ಹೋಗುವ ಭಾಗವನ್ನು ನಿಧಾನವಾಗಿ, ಎರಡು ಸಲ. ಅವನ ಭಯ, ಹಸಿವು, ನಾಚಿಕೆಗಳನ್ನು ಪಟ್ಟಿ ಮಾಡಿ. ಮುಂದಿನ ವಾರ ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೈಪಾಲರ ಪುಟಗಳನ್ನು ತೆರೆಯಿರಿ, ಅವರು ಯಾವುದನ್ನು ಕಂಡರು, ಯಾವುದನ್ನು ದಾಟಿ ಹೋದರು ಎಂದು ಒಂದೊಂದಕ್ಕೂ ಗುರುತು ಹಾಕುತ್ತ ಬನ್ನಿ.